ತಂಡದ ಲೆಕ್ಕ ಕಲಿಯಿರಿ, ಬಾಜಿ ಬಿಡಿ: ಆಟದ ಹುಚ್ಚಿರುವ ದುರ್ಗದ ಹುಡುಗರಿಗೆ ಹನ್ನೆರಡು ಸೂತ್ರಗಳು

ಐಪಿಎಲ್ ಹರಾಜು ಮುಗಿದ ರಾತ್ರಿಯಿಂದಲೇ ನಮ್ಮ ಜಿಲ್ಲೆಯಲ್ಲಿ ಮುಂದಿನ ಕಪ್ಪಿನ ಮಾತು ಶುರುವಾಗುತ್ತದೆ. ಹಿರಿಯೂರಿನ ಟೀ ಅಂಗಡಿಯಲ್ಲಿ, ಹೊಳಲ್ಕೆರೆಯ ಅಡಿಕೆ ಕಣದಲ್ಲಿ, ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದ ಮೆಟ್ಟಿಲ ಮೇಲೆ ಯಾರನ್ನು ಕೇಳಿದರೂ ಯಾವ ತಂಡ ಯಾರನ್ನು ಕೈಬಿಟ್ಟಿತು, ಯಾರನ್ನು ಎಷ್ಟು ಕೋಟಿಗೆ ಕೊಂಡಿತು ಎಂಬುದು ಬಾಯಲ್ಲೇ ಇರುತ್ತದೆ. "ಅಣ್ಣಾ, ಈ ಸಲ ನಮ್ಮ ಬೌಲಿಂಗ್ ಗಟ್ಟಿ ಐತೆ" ಎನ್ನುವ ಹುಡುಗ ಅದಕ್ಕೆ ಕಾರಣವನ್ನೂ ಕೊಡುತ್ತಾನೆ. ಬಹಳ ಸಲ ಆ ಕಾರಣ ಸರಿಯಾಗಿಯೇ ಇರುತ್ತದೆ.

ನನ್ನ ಆತಂಕ ಶುರುವಾಗುವುದು ಇಲ್ಲಿಂದಲೇ. ಆಟ ಗೊತ್ತಿಲ್ಲದವನು ಬಾಜಿ ಕಟ್ಟಲು ಹೆದರುತ್ತಾನೆ. ಆಟ ಚೆನ್ನಾಗಿ ಬಲ್ಲವನು 'ನನಗೆ ಗೊತ್ತಲ್ಲ' ಎಂಬ ಧೈರ್ಯದ ಮೇಲೆ ಇಳಿದುಬಿಡುತ್ತಾನೆ. ತಂಡಗಳನ್ನು ಓದುವ ಜಾಣ್ಮೆ ಬೆಳೆಸಿಕೊಳ್ಳುವುದು ಹೇಗೆ, ಅದೇ ಜಾಣ್ಮೆ ಬುಕ್ಕಿಯ ಮುಂದೆ ಯಾಕೆ ಸೋಲುತ್ತದೆ, ಅದನ್ನು ಬೇರೆಲ್ಲಿ ತೊಡಗಿಸಬಹುದು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

1. ಬೆಲೆ ಬಿಡಿ, ಯಾವ ಜಾಗ ತುಂಬಿತು ನೋಡಿ

2024ರ ನವೆಂಬರ್ 24 ಮತ್ತು 25ರಂದು ಜೆಡ್ಡಾದಲ್ಲಿ ಮಹಾ ಹರಾಜು ನಡೆದಾಗ ಎಲ್ಲರ ಬಾಯಲ್ಲೂ ಇದ್ದದ್ದು ರಿಷಭ್ ಪಂತ್‌ಗೆ ಲಖನೌ ಕೊಟ್ಟ 27 ಕೋಟಿ, ವೆಂಕಟೇಶ್ ಅಯ್ಯರ್‌ಗೆ ಕೋಲ್ಕತ್ತ ಕೊಟ್ಟ 23.75 ಕೋಟಿ. ಆರ್‌ಸಿಬಿ ಅಂಥ ದೊಡ್ಡ ಬೆಲೆಗೆ ಯಾರನ್ನೂ ಕೊಳ್ಳಲಿಲ್ಲ. ನಮ್ಮ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದರು. ಅಭಿಮಾನಿಗಳಿಗೆ ಬೇಸರವಾಗಿತ್ತು.

ಈಗ ಆರ್‌ಸಿಬಿ ಕೊಂಡವರ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ. ಹೊಸ ಚೆಂಡಿಗೆ ಜೋಶ್ ಹೇಜಲ್‌ವುಡ್ (12.5 ಕೋಟಿ), ಭುವನೇಶ್ವರ್ ಕುಮಾರ್ (10.75 ಕೋಟಿ). ಕೊಹ್ಲಿ ಒಂದು ತುದಿ ಕಾಯುವಾಗ ಇನ್ನೊಂದು ತುದಿಯಿಂದ ಬೀಸಲು ಫಿಲ್ ಸಾಲ್ಟ್ (11.5 ಕೋಟಿ). ಕೊನೆಯ ಓವರುಗಳಿಗೆ ಜಿತೇಶ್ ಶರ್ಮಾ (11 ಕೋಟಿ), ಟಿಮ್ ಡೇವಿಡ್ (3 ಕೋಟಿ), ರೊಮಾರಿಯೊ ಶೆಫರ್ಡ್ (1.5 ಕೋಟಿ). ಮಧ್ಯದ ಓವರುಗಳಲ್ಲಿ ರನ್ ಕಟ್ಟಿಹಾಕಲು ಕೃಣಾಲ್ ಪಾಂಡ್ಯ (5.75 ಕೋಟಿ), ಸುಯಶ್ ಶರ್ಮಾ (2.6 ಕೋಟಿ). ಪ್ರತಿ ಹೆಸರಿನ ಎದುರೂ ಒಂದು ಕೆಲಸ ಬರೆಯಲು ಬರುತ್ತದೆ. 2025ರ ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ 190 ರನ್ನನ್ನು ಕಾಪಾಡಿಕೊಂಡು ಪಂಜಾಬ್ ಮೇಲೆ 6 ರನ್ನಿನಿಂದ ಗೆದ್ದ ದಿನ ಪಂದ್ಯಶ್ರೇಷ್ಠರಾದವರು, 4 ಓವರಿನಲ್ಲಿ 17 ರನ್ ಕೊಟ್ಟು 2 ವಿಕೆಟ್ ಕಿತ್ತ ಕೃಣಾಲ್. ಲಖನೌ ಮತ್ತು ಕೋಲ್ಕತ್ತ ಪ್ಲೇಆಫ್ ಮೆಟ್ಟಿಲನ್ನೂ ಹತ್ತಲಿಲ್ಲ.

ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಖೇಣಿ ಹಿಡಿಯುವವರು ತೋಟದ ಹೆಸರು ಕೇಳಿ ಮುಂಗಡ ಕೊಡುವುದಿಲ್ಲ. ಒಳಗೆ ನಡೆದು ಗೊನೆ ನೋಡುತ್ತಾರೆ. ತಂಡವನ್ನೂ ಹಾಗೆಯೇ ನೋಡಿ. ಹೊಸ ಚೆಂಡು ಯಾರ ಕೈಗೆ? 7ರಿಂದ 15ನೇ ಓವರಿನವರೆಗೆ ಯಾರು ಎಸೆಯುತ್ತಾರೆ? ಕೊನೆಯ ನಾಲ್ಕು ಓವರು ಯಾರದು? ಒಬ್ಬ ವಿದೇಶಿ ಆಟಗಾರ ಗಾಯಗೊಂಡರೆ ಬದಲಿ ಯಾರು? ಈ ನಾಲ್ಕಕ್ಕೆ ಉತ್ತರವಿರುವ ತಂಡವನ್ನು ಗುರುತಿಸಲು ಕಲಿತವನು ಟಿವಿಯಲ್ಲಿ ಮಾತಾಡುವ ಎಷ್ಟೋ ಜನರಿಗಿಂತ ಮುಂದಿರುತ್ತಾನೆ.

2. ಬಿಟ್ಟುಕೊಟ್ಟವರ ಲೆಕ್ಕವನ್ನೂ ಇಡಿ

ಅದೇ ಹರಾಜಿನಲ್ಲಿ ಆರ್‌ಸಿಬಿಯ ಮೊಹಮ್ಮದ್ ಸಿರಾಜ್ 12.25 ಕೋಟಿಗೆ ಗುಜರಾತ್ ಸೇರಿದರು. 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿಗೇ ಬಂದು 19 ರನ್ನಿಗೆ 3 ವಿಕೆಟ್ ಕಿತ್ತು ಹಳೆಯ ತಂಡವನ್ನು ಸೋಲಿಸಿದರು. ಹಾಗಿದ್ದೂ ಕಪ್ ಗೆದ್ದದ್ದು ಆರ್‌ಸಿಬಿಯೇ. ಒಂದು ಪಂದ್ಯ ನೋಡಿ 'ಬಿಡಬಾರದಿತ್ತು' ಎಂದು ತೀರ್ಪು ಕೊಡುವವರು ಆ ಋತುವಿನಲ್ಲಿ ಏಪ್ರಿಲ್ 2ರಂದೇ ತೀರ್ಪು ಕೊಟ್ಟಿರುತ್ತಿದ್ದರು.

ಇನ್ನೊಂದು ಲೆಕ್ಕ ನೋಡಿ. 23.75 ಕೋಟಿಯ ವೆಂಕಟೇಶ್ ಅಯ್ಯರ್ ಅವರನ್ನು ಕೋಲ್ಕತ್ತ ಒಂದೇ ವರ್ಷಕ್ಕೆ ಕೈಬಿಟ್ಟಿತು. 2025ರ ಡಿಸೆಂಬರ್ 16ರಂದು ಅಬುಧಾಬಿಯ ಹರಾಜಿನಲ್ಲಿ ಆರ್‌ಸಿಬಿ ಅವರನ್ನು 7 ಕೋಟಿಗೆ ಕೊಂಡಿತು. ಅದೇ ಆಟಗಾರ, ಬೆಲೆ ಮೂರನೇ ಒಂದು ಪಾಲಿಗಿಂತ ಕಡಿಮೆ. ಹರಾಜಿನ ಬೆಲೆ ಆ ಹೊತ್ತಿನಲ್ಲಿ ಯಾರ ಜೇಬಿನಲ್ಲಿ ಎಷ್ಟು ಉಳಿದಿತ್ತು ಎಂಬುದನ್ನು ಹೇಳುತ್ತದೆ. ಆಟಗಾರ ಮುಂದೆ ಏನು ಮಾಡುತ್ತಾನೆಂದು ಅದಕ್ಕೆ ಗೊತ್ತಿಲ್ಲ.

3. ಕೋಚ್ ಬದಲಾದರೆ ಗಮನವಿಟ್ಟು ನೋಡಿ

ನಮ್ಮ ಹಳ್ಳಿಗಳಿಗೆ ಕಬಡ್ಡಿಯೇ ಹತ್ತಿರದ ಆಟ, ಹಾಗಾಗಿ ಅಲ್ಲಿಂದಲೇ ಉದಾಹರಣೆ ಕೊಡುತ್ತೇನೆ. 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಫೈನಲ್ ಒಂದರಲ್ಲೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಪ್ ಗೆದ್ದುಕೊಟ್ಟರು. 2024ರ ಋತುವಿಗೆ ಬುಲ್ಸ್ ಪ್ರದೀಪ್ ನರ್ವಾಲ್ ಅವರಂಥ ದೊಡ್ಡ ಹೆಸರನ್ನು 70 ಲಕ್ಷಕ್ಕೆ ತಂದಿತು. ಆದರೂ ತಂಡ ಪಟ್ಟಿಯ ಕಟ್ಟಕಡೆಗೆ ಜಾರಿತು. ಮುಂದಿನ ಹರಾಜಿನಲ್ಲಿ ಪ್ರದೀಪ್ ಅವರನ್ನು ಯಾರೂ ಕೊಳ್ಳಲಿಲ್ಲ.

ಆಗ ಬುಲ್ಸ್ ಕರೆತಂದದ್ದು ಕನ್ನಡಿಗ ಬಿ.ಸಿ. ರಮೇಶ್ ಅವರನ್ನು. ಬೆಂಗಾಲ್ ವಾರಿಯರ್ಸ್‌ಗೆ ಒಮ್ಮೆ, ಪುಣೇರಿ ಪಲ್ಟನ್‌ಗೆ ಒಮ್ಮೆ ಕಪ್ ಗೆದ್ದುಕೊಟ್ಟ ಕೋಚ್ ಅವರು. ಇಂಥ ಬದಲಾವಣೆ ಕಂಡಾಗ ಹೊಸ ಕೋಚ್ ಹಿಂದಿನ ತಂಡಗಳಲ್ಲಿ ಎಂಥವರನ್ನು ಆರಿಸಿಕೊಂಡಿದ್ದರು, ರೈಡಿಂಗ್ ನಂಬುತ್ತಾರೋ ಡಿಫೆನ್ಸ್ ನಂಬುತ್ತಾರೋ, ಹೊಸಬರಿಗೆ ಎಷ್ಟು ಅವಕಾಶ ಕೊಡುತ್ತಾರೆ ಎಂದು ಹಿಂದಿನ ಪಂದ್ಯಗಳನ್ನು ತೆಗೆದು ನೋಡಿ. ಆಟಗಾರರ ಪಟ್ಟಿಗಿಂತ ಹೆಚ್ಚಿನದು ಅಲ್ಲಿ ಸಿಗುತ್ತದೆ.

4. ಅಂದಾಜನ್ನು ಪಂದ್ಯಕ್ಕೆ ಮೊದಲೇ ಬರೆದಿಡಿ

ತವರಿನಲ್ಲಿ ತಂಡ ಬಲವಾಗಿರುತ್ತದೆ ಎಂಬುದು ಎಲ್ಲರೂ ನಂಬುವ ಮಾತು. 2025ರಲ್ಲಿ ಆರ್‌ಸಿಬಿ ಚಿನ್ನಸ್ವಾಮಿಯಲ್ಲಿ ಆಡಿದ ಮೊದಲ ಮೂರೂ ಪಂದ್ಯ ಸೋತಿತು. ಎದುರಾಳಿಗಳ ತವರಿನಲ್ಲಿ ಆಡಿದ ಏಳೂ ಲೀಗ್ ಪಂದ್ಯ ಗೆದ್ದಿತು. ಇದನ್ನು ಮೊದಲೇ ಹೇಳಿದ್ದೆ ಎನ್ನುವವರು ಈಗ ಬಹಳ ಜನ ಸಿಗುತ್ತಾರೆ. ಹೇಳಿದ್ದರ ಬರಹ ತೋರಿಸಿ ಎಂದರೆ ಯಾರ ಹತ್ತಿರವೂ ಇರುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಟಾಸ್‌ಗೆ ಮೊದಲು ದಿನಾಂಕ, ಯಾರು ಗೆಲ್ಲುತ್ತಾರೆ, ಯಾಕೆ ಎಂದು ಮೂರು ಸಾಲು ಬರೆಯಿರಿ. ಪಂದ್ಯ ಮುಗಿದ ಮೇಲೆ ಸರಿ, ತಪ್ಪು ಗುರುತು ಹಾಕಿ. ಬರೆದದ್ದನ್ನು ತಿದ್ದಬೇಡಿ. ಇಡೀ ಋತುವಿನ ಹಾಳೆ ಮುಂದಿಟ್ಟುಕೊಂಡಾಗ ನಿಮ್ಮ ನಿಜವಾದ ಮಟ್ಟ ತಿಳಿಯುತ್ತದೆ. ನೆನಪಿನಲ್ಲಿ ಗೆದ್ದ ಅಂದಾಜುಗಳಷ್ಟೇ ಉಳಿಯುತ್ತವೆ, ಹಾಳೆಯಲ್ಲಿ ಎಲ್ಲವೂ ಉಳಿಯುತ್ತದೆ. ಈ ಅಭ್ಯಾಸಕ್ಕೆ ಒಂದು ರೂಪಾಯಿಯೂ ಬೇಡ.

5. ಟೂರ್ನಿ ನಡೆಯುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ

ಫುಟ್‌ಬಾಲ್ ಅಭಿಮಾನಿಗಳಿಗೆ 2025 ಇದನ್ನು ಕಲಿಸಿತು. ಐಎಸ್ಎಲ್ ನಡೆಸುತ್ತಿದ್ದ ಕಂಪನಿಗೂ ಭಾರತೀಯ ಫುಟ್‌ಬಾಲ್ ಒಕ್ಕೂಟಕ್ಕೂ ಇದ್ದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಜುಲೈನಲ್ಲೇ ಟೂರ್ನಿಯನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಸುನಿಲ್ ಛೆಟ್ರಿ ಆಡುವ ಕ್ಲಬ್ಬಿಗೇ ಈ ಗತಿ ಬಂತು. ತಂಡದ ಬಲಾಬಲ ತೂಗುವಾಗ ಮೈದಾನದ ಹೊರಗಿನ ಕಾಗದಪತ್ರವೂ ಲೆಕ್ಕಕ್ಕೆ ಬರುತ್ತದೆ.

6. 'ಪಕ್ಕಾ ಟಿಪ್ಸ್' ಹಿಂದಿನ ಗಣಿತ ತಿಳಿದುಕೊಳ್ಳಿ

ಇಲ್ಲಿಂದ ಬಾಜಿಯ ಮಾತು. ಟೆಲಿಗ್ರಾಂನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ 'ಇವತ್ತಿನ ಪಕ್ಕಾ ಟೀಮ್' ಕಳಿಸುವವರಿದ್ದಾರೆ. ಅವರ ಕೈಚಳಕ ಹೀಗಿರುತ್ತದೆ. 1,024 ಜನರ ನಂಬರ್ ಇಟ್ಟುಕೊಂಡು ಅರ್ಧ ಜನರಿಗೆ 'ಬೆಂಗಳೂರು ಗೆಲ್ಲುತ್ತೆ' ಎಂದೂ ಉಳಿದರ್ಧಕ್ಕೆ 'ಚೆನ್ನೈ ಗೆಲ್ಲುತ್ತೆ' ಎಂದೂ ಕಳಿಸುವುದು. ಯಾರು ಗೆದ್ದರೂ 512 ಜನರಿಗೆ ಟಿಪ್ಸ್ ನಿಜವಾಗಿರುತ್ತದೆ. ಮುಂದಿನ ಪಂದ್ಯಕ್ಕೆ ಆ 512 ಜನರನ್ನೇ ಮತ್ತೆ ಎರಡು ಭಾಗ ಮಾಡುವುದು. ಹೀಗೆ ಐದು ಪಂದ್ಯ ಮುಗಿಯುವ ಹೊತ್ತಿಗೆ 32 ಜನ ಉಳಿಯುತ್ತಾರೆ. ಐದಕ್ಕೆ ಐದೂ ಸರಿ ಹೇಳಿದ ಮಹಾನುಭಾವನನ್ನು ಆ 32 ಜನ ದೇವರಂತೆ ನಂಬುತ್ತಾರೆ. ಆರನೇ ಪಂದ್ಯಕ್ಕೆ 'ವಿಐಪಿ ಗ್ರೂಪ್ ಫೀಸ್ 5,000' ಎಂಬ ಮೆಸೇಜ್ ಬರುವುದು ಅವರಿಗೆ.

ಗೆಲ್ಲುವ ತಂಡ ಮೊದಲೇ ಗೊತ್ತಿರುವವನು ನಿಮ್ಮ ಐದು ಸಾವಿರಕ್ಕೆ ಯಾಕೆ ಕಾಯುತ್ತಾನೆ ಎಂದು ಒಮ್ಮೆ ಕೇಳಿಕೊಳ್ಳಿ.

7. ಭಾವದೊಳಗೆ ಅಡಗಿರುವ ಕಮಿಷನ್ ನೋಡಿ

ಸಮಬಲದ ಎರಡು ತಂಡ ಆಡುತ್ತಿವೆ, ಬುಕ್ಕಿ ಎರಡೂ ಕಡೆಗೆ 90 ಪೈಸೆ ಭಾವ (ಬಾಜಿಯ ದರ) ಕೊಟ್ಟಿದ್ದಾನೆ ಎಂದುಕೊಳ್ಳಿ. 100 ರೂಪಾಯಿ ಕಟ್ಟಿ ಗೆದ್ದರೆ 90 ಬರುತ್ತದೆ, ಸೋತರೆ 100 ಹೋಗುತ್ತದೆ. ನೂರು ಪಂದ್ಯಕ್ಕೆ ನೂರು ನೂರು ಕಟ್ಟಿ ಐವತ್ತು ಗೆದ್ದರೆ 4,500 ಬಂತು, 5,000 ಹೋಯಿತು. ಅರ್ಧಕ್ಕರ್ಧ ಗೆದ್ದವನ ಜೇಬಿನಿಂದಲೂ 500 ರೂಪಾಯಿ ಕಾಣೆ. ಬರೀ ಅಸಲು ಉಳಿಸಿಕೊಳ್ಳಲು ನೂರರಲ್ಲಿ ಸುಮಾರು 53 ಪಂದ್ಯ ಸರಿ ಹೇಳಬೇಕು. ಸೂತ್ರ 4ರ ನೋಟ್‌ಬುಕ್ ಇಟ್ಟವರಿಗೆ ಅದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹರಾಜಿನಿಂದ ಆರ್‌ಸಿಬಿ ಬೌಲಿಂಗ್ ಗಟ್ಟಿಯಾಯಿತು ಎಂದು ನೀವು ಕಂಡುಕೊಂಡದ್ದನ್ನು ಭಾವ ಇಡುವವನೂ ಕಂಡಿರುತ್ತಾನೆ, ಭಾವ ಆಗಲೇ ಇಳಿದಿರುತ್ತದೆ. ನಿಮ್ಮ ತಿಳಿವಳಿಕೆ ನಿಜವಾದರೂ ಅದಕ್ಕೆ ಅಲ್ಲಿ ಬೆಲೆ ಇಲ್ಲ. ಬ್ರಿಟನ್ನಿನಲ್ಲಿ ಬೆಟ್ಟಿಂಗ್ ಕಾನೂನುಬದ್ಧ. ಅಲ್ಲಿಯೂ ಮೇಲಿಂದ ಮೇಲೆ ಗೆಲ್ಲುವ ಗ್ರಾಹಕರ ಖಾತೆಗೆ ಕಂಪನಿಗಳು ಮಿತಿ ಹಾಕುತ್ತವೆ. ಸೋಲುವವರಿಗೆ ಬಾಗಿಲು ಸದಾ ತೆರೆದೇ ಇರುತ್ತದೆ.

8. 'ಹೋದದ್ದನ್ನು ಎತ್ತಿಬಿಡ್ತೀನಿ' ಎಂದು ದುಪ್ಪಟ್ಟು ಕಟ್ಟಬೇಡಿ

500 ಹೋಯಿತು, ಮುಂದಿನದಕ್ಕೆ 1,000, ಅದೂ ಹೋದರೆ 2,000. ಹೀಗೆ ಸತತ ಆರು ಸಲ ಸೋತವನು ಕಳೆದುಕೊಂಡದ್ದು 31,500. ಏಳನೆಯದಕ್ಕೆ 32,000 ಬೇಕು. ಆ ಏಳನೆಯದು ಗೆದ್ದರೂ ಲಾಭ ಮೊದಲಿನ 500ರಷ್ಟೇ, ಅದೂ ಪೂರಾ ಭಾವ ಸಿಕ್ಕರೆ. ಪಂದ್ಯದ ಫಲಿತಾಂಶ ಬಿಟ್ಟು ಆರು ಓವರಿನ 'ಸೆಷನ್' ಮೇಲೆ ಕಟ್ಟುವವರಿಗೆ ಈ ಆರು ಸೋಲು ಒಂದೇ ಸಂಜೆಯಲ್ಲಿ ಬರಬಹುದು.

9. ಕಾನೂನು ಎಲ್ಲಿ ನಿಂತಿದೆ, ತಿಳಿದಿರಲಿ

ಬೀದಿಯ ಬೆಟ್ಟಿಂಗ್‌ಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಇಂಥ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಎನ್ನುತ್ತದೆ ಅದು. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು, ಅಂಗಿಯಿಂದಲೂ ಹೋಯಿತು.

ಅಂಕಿತ ಬಿದ್ದ ಮರುದಿನವೇ, ಆಗಸ್ಟ್ 23ರಂದು, ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಜಾರಿ ನಿರ್ದೇಶನಾಲಯ ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು. ಶೋಧದಲ್ಲಿ ಸುಮಾರು 12 ಕೋಟಿ ರೂಪಾಯಿ ನಗದು ಸಿಕ್ಕಿತೆಂದು ಅದು ಹೇಳಿತು. ಆರೋಪ ನಿಲ್ಲುತ್ತದೋ ಬೀಳುತ್ತದೋ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಬೆಟ್ಟಿಂಗ್ ದೂರದ ಮುಂಬೈ, ದುಬೈಗಳ ವ್ಯವಹಾರ ಎಂದುಕೊಂಡಿದ್ದ ನಮ್ಮೂರಿಗೆ ಆ ಸುದ್ದಿ ಬಡಿದು ಎಬ್ಬಿಸಿತು.

ಇನ್ನೆರಡು ಸಂಗತಿ ಕಡಿಮೆ ಜನರಿಗೆ ಗೊತ್ತು. 1872ರ ಒಪ್ಪಂದ ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಅನೂರ್ಜಿತ. ಗೆದ್ದ ಹಣ ಕೊಡದಿದ್ದರೆ ಯಾವ ಕೋರ್ಟೂ ಕೊಡಿಸುವುದಿಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಹಲವರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಹೈಕೋರ್ಟ್ ಆ ಪ್ರಕರಣ ರದ್ದು ಮಾಡುತ್ತಾ, ಫಿಕ್ಸಿಂಗ್ ನಡೆದರೂ ಅದು 420ನೇ ಕಲಮಿನ ವಂಚನೆಯ ಅಪರಾಧ ಆಗುವುದಿಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದಿತು. ಆಟದಲ್ಲಿ ಮೋಸವಾದರೂ, ಬುಕ್ಕಿ ಮೋಸ ಮಾಡಿದರೂ ಬಾಜಿ ಕಟ್ಟಿದವನ ಬೆನ್ನಿಗೆ ಯಾರೂ ಇಲ್ಲ.

10. ಪಾಸ್‌ಬುಕ್, ಸಿಮ್ ಬಾಡಿಗೆಗೆ ಕೊಡಬೇಡಿ

ಬೆಟ್ಟಿಂಗ್ 'ಐಡಿ' ತೆಗೆದುಕೊಂಡವರು ಗಮನಿಸಿರುತ್ತಾರೆ: ಹಣ ಹಾಕಬೇಕಾದ ಯುಪಿಐ ನಂಬರು ಆಗಾಗ ಬದಲಾಗುತ್ತದೆ, ಬರುವ ಹೆಸರು ಯಾವುದೋ ಊರಿನ ಯಾವನೋ ಹುಡುಗನದು. ತಿಂಗಳಿಗಿಷ್ಟು ಕೊಡುತ್ತೇವೆಂದು ಹೇಳಿ ಕಾಲೇಜು ಹುಡುಗರ ಹೆಸರಿನಲ್ಲಿ ಖಾತೆ ತೆರೆಸಿ, ಎಟಿಎಂ ಕಾರ್ಡು, ಸಿಮ್ಮು ಇಸಿದುಕೊಂಡು ಹೋಗುತ್ತಾರೆ. ದೂರು ಬಂದ ದಿನ ಖಾತೆ ಫ್ರೀಜ್ ಆಗುತ್ತದೆ, ಪೊಲೀಸ್ ನೋಟಿಸ್ ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಆಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸಿ, ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

11. ಸಾಲ ಆಗಿಹೋಗಿದ್ದರೆ ಇವತ್ತೇ ಮನೆಯಲ್ಲಿ ಹೇಳಿ

2024ರ ಮಾರ್ಚ್‌ನಲ್ಲಿ ಹೊಸದುರ್ಗದ ಮನೆಯೊಂದರ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಐಪಿಎಲ್ ಬೆಟ್ಟಿಂಗ್‌ನ ಸಾಲ ಬೆಳೆದು, ಕೊಟ್ಟವರ ಕಾಟ ಮನೆಯವರೆಗೆ ಬಂದು, ಬಾಜಿ ಕಟ್ಟದ ಹೆಣ್ಣುಮಗಳೊಬ್ಬಳು ಪ್ರಾಣ ಬಿಟ್ಟಳು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಬರೆಯದೆ ಇರಲೂ ಆಗುವುದಿಲ್ಲ, ಯಾಕೆಂದರೆ ಇಂಥದೇ ಸಾಲ ಮುಚ್ಚಿಟ್ಟುಕೊಂಡು ಇದನ್ನು ಓದುತ್ತಿರುವವರು ಇರಬಹುದು.

ಅವರಿಗೆ ಹೇಳುವುದಿಷ್ಟು. ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಯಲ್ಲಿ 50,000 ತಂದರೆ ವರ್ಷಕ್ಕೆ 60,000 ಬಡ್ಡಿಯೇ ಆಗುತ್ತದೆ, ಅಸಲು ಹಾಗೇ ಇರುತ್ತದೆ. ಮುಚ್ಚಿಟ್ಟ ಪ್ರತಿ ತಿಂಗಳೂ ಹೊರೆ ಏರುತ್ತದೆ. ಅಪ್ಪನಿಗೆ ಹೇಳಲು ಹೆದರಿಕೆಯಾದರೆ ಮೊದಲು ಅಕ್ಕನಿಗೆ, ಸೋದರಮಾವನಿಗೆ, ನಂಬುವ ಮೇಷ್ಟ್ರಿಗೆ ಹೇಳಿ, ಅವರನ್ನು ಜೊತೆಗೆ ಕೂರಿಸಿಕೊಂಡು ಮನೆಯಲ್ಲಿ ಮಾತಾಡಿ. ಯಾರಿಗೆ ಎಷ್ಟು ಎಂದು ಪೂರ್ತಿ ಪಟ್ಟಿ ಬರೆಯಿರಿ. ಅರ್ಧ ಹೇಳಿ ಅರ್ಧ ಮುಚ್ಚಿಡಬೇಡಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲದ ಆ್ಯಪ್‌ಗೆ ಹೋಗಬೇಡಿ.

ಮನೆ ಬಾಗಿಲಿಗೆ ಬಂದು ಬೆದರಿಸುವವರಿಗೆ ಕಾನೂನಿನ ಲಗಾಮಿದೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಡಲಾಯಿತು. ಬೆದರಿಕೆ ಬಂದ ಕೂಡಲೇ 112ಕ್ಕೆ ಕರೆ ಮಾಡಿ, ಮೆಸೇಜ್‌ಗಳನ್ನು ಅಳಿಸಬೇಡಿ. ಮನಸ್ಸು ಕುಸಿದರೆ, ಕೈ ತಾನಾಗಿಯೇ ಆ್ಯಪ್ ಕಡೆಗೆ ಹೋಗುವುದನ್ನು ನಿಲ್ಲಿಸಲಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಯಾವ ಹೊತ್ತಿನಲ್ಲೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಆಟಗಳ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಇದಕ್ಕೆ ಚಿಕಿತ್ಸೆ ಇದೆ, ಹೋದವರು ಸುಧಾರಿಸಿಕೊಂಡಿದ್ದಾರೆ.

12. ನಿಮ್ಮ ಕ್ರಿಕೆಟ್ ಬುದ್ಧಿಗೆ ಕೆಲಸ ಹುಡುಕಿ

ಪಕ್ಕದ ದಾವಣಗೆರೆಯ ಆರ್. ವಿನಯ್ ಕುಮಾರ್ ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಆಟ ನಿಲ್ಲಿಸಿದ ಮೇಲೆ 2021ರಲ್ಲಿ ಮುಂಬೈ ಇಂಡಿಯನ್ಸ್ ಅವರನ್ನು ಪ್ರತಿಭೆ ಹುಡುಕುವ ತಂಡಕ್ಕೆ ಸೇರಿಸಿಕೊಂಡಿತು. ಹರಾಜಿಗೆ ಮೊದಲು ಊರೂರು ಸುತ್ತಿ ಹುಡುಗರನ್ನು ನೋಡಿ ಬರೆದುಕೊಳ್ಳುವ ಇಂಥವರಿಗೆ ಪ್ರತಿ ಫ್ರಾಂಚೈಸಿಯೂ ಸಂಬಳ ಕೊಡುತ್ತದೆ. ಆರ್‌ಸಿಬಿಯ ವಿಶ್ಲೇಷಕ ಫ್ರೆಡ್ಡಿ ವೈಲ್ಡ್ ದೊಡ್ಡ ಆಟಗಾರರಾಗಿ ಬಂದವರಲ್ಲ, ಅಂಕಿ ಓದುವವರಾಗಿ ಬಂದವರು.

ಅಲ್ಲಿಗೆ ಹೋಗುವ ದಾರಿ ಉದ್ದ, ಆದರೆ ಮೊದಲ ಮೆಟ್ಟಿಲು ನಮ್ಮೂರಲ್ಲೇ ಇದೆ. ರಾಜ್ಯ ಕ್ರಿಕೆಟ್ ಸಂಸ್ಥೆ ಅಂಪೈರ್‌ಗಳಿಗೂ ಸ್ಕೋರರ್‌ಗಳಿಗೂ ಪರೀಕ್ಷೆ ನಡೆಸುತ್ತದೆ. ಪಾಸಾದವರಿಗೆ ಪಂದ್ಯಕ್ಕಿಷ್ಟು ಎಂದು ಸಂಭಾವನೆ ಇದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರದ ಕೋಚಿಂಗ್ ಸರ್ಟಿಫಿಕೇಟ್ ಇದ್ದರೆ ಖಾಸಗಿ ಶಾಲೆಗಳಲ್ಲಿ ಕೆಲಸ ಕೇಳಬಹುದು. ಕ್ರಿಕ್‌ಶೀಟ್ ಎಂಬ ತಾಣ ಐಪಿಎಲ್‌ನ ಒಂದೊಂದು ಎಸೆತದ ಲೆಕ್ಕವನ್ನೂ ಉಚಿತವಾಗಿ ಕೊಡುತ್ತದೆ. ಡಿಗ್ರಿ ಓದುತ್ತಿರುವವರು ಅದನ್ನು ಎಕ್ಸೆಲ್‌ಗೆ ಇಳಿಸಿಕೊಂಡು, ಕೃಣಾಲ್ ಯಾವ ಓವರಿನಲ್ಲಿ ಎಷ್ಟು ರನ್ ಕೊಟ್ಟರು ಎಂದು ತಾವೇ ಒಂದು ಪಟ್ಟಿ ಮಾಡಲಿ. ಆ ಕೈಕೆಲಸಕ್ಕೆ ಕ್ರೀಡೆಯ ಹೊರಗೂ ಬೇಡಿಕೆ ಇದೆ.

ಇದಾವುದೂ ಈಗಲೇ ಆಗದಿದ್ದರೆ, ಮುಂದಿನ ಭಾನುವಾರ ನಿಮ್ಮ ಹೋಬಳಿಯಲ್ಲಿ ನಡೆಯುವ ಟೆನಿಸ್ ಬಾಲ್ ಟೂರ್ನಿಗೆ ಬೇಗ ಹೋಗಿ ಸ್ಕೋರ್ ಬರೆಯುವ ಕೆಲಸ ಕೇಳಿ. ಆಡುವವರು ಬಹಳ ಜನ ಇರುತ್ತಾರೆ, ಪುಸ್ತಕ ಹಿಡಿದು ಕೂರುವವರು ಯಾವಾಗಲೂ ಕಡಿಮೆ. ಪ್ರತಿ ಎಸೆತಕ್ಕೂ ಯಾರು ಹಾಕಿದರು, ಎಲ್ಲಿ ಬಿತ್ತು, ಯಾವ ಕಡೆ ಹೋಯಿತು ಎಂದು ಬರೆದುಕೊಳ್ಳಿ. ಪಂದ್ಯ ಮುಗಿದ ಮೇಲೆ ಆ ಹಾಳೆಯನ್ನು ಎರಡೂ ತಂಡದ ನಾಯಕರಿಗೆ ತೋರಿಸಿ.